ಪ್ರಮಾಣಮುದ್ರೆಯ ಬಾಗಿಲು: ವಿದ್ಯುತ್ ಸಾಮಗ್ರಿಗಳ ರಫ್ತಿನ ಇತಿಹಾಸದಲ್ಲಿ ಒಂದು ಪ್ರಶ್ನೆ

ಒಂದು ದೇಶದ ಸರಕು ಮತ್ತೊಂದು ದೇಶದ ಪೇಟೆಯನ್ನು ಹೊಗಬೇಕಾದರೆ ಸುಂಕ ತೆರಬೇಕೆಂಬುದು ಪುರಾತನವಾದ ಕಟ್ಟಳೆ. ವಿದ್ಯುತ್ ಸಾಮಗ್ರಿಗಳ ವಿಷಯದಲ್ಲಾದರೋ ಸುಂಕದ ಕಟ್ಟೆಯನ್ನು ದಾಟಿದ ಮೇಲೂ ಇನ್ನೊಂದು ಬಾಗಿಲು ಉಳಿದಿರುತ್ತದೆ. ಅದು ಪ್ರಮಾಣಮುದ್ರೆಯ ಬಾಗಿಲು. ಈ ಬಾಗಿಲು ಪ್ರಜೆಗಳ ಪ್ರಾಣರಕ್ಷಣೆಗಾಗಿ ನಿರ್ಮಿತವಾದುದೋ, ಅನ್ಯರ ಸರಕನ್ನು ತಡೆಯುವುದಕ್ಕಾಗಿಯೋ ಎಂಬುದನ್ನು ನಾವು ಇಲ್ಲಿ ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸಹೊರಟಿದ್ದೇವೆ.

ಇದರ ಮೂಲ ಬೆಂಕಿಯ ಭಯದಲ್ಲಿದೆ. ೧೮೯೩ರಲ್ಲಿ ಷಿಕಾಗೋ ನಗರದಲ್ಲಿ ನಡೆದ ಜಾಗತಿಕ ಪ್ರದರ್ಶನವು ಅಸಂಖ್ಯ ವಿದ್ಯುದ್ದೀಪಗಳಿಂದ ಬೆಳಗಿತು. ಅಲ್ಲಿನ ತಂತಿಗಳಿಂದ ಒದಗಬಹುದಾದ ಅಪಾಯವನ್ನು ಅಳೆಯಲು ವಿಮಾಸಂಸ್ಥೆಗಳು ವಿಲಿಯಂ ಹೆನ್ರಿ ಮೆರಿಲ್ ಎಂಬ ತರುಣ ಎಂಜಿನಿಯರನನ್ನು ನೇಮಿಸಿದುವು. ಆತನು ೧೮೯೪ರಲ್ಲಿ ಆರಂಭಿಸಿದ ಪರೀಕ್ಷಾಕಾರ್ಯವೇ ಮುಂದೆ ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್ ಎಂಬ ಸಂಸ್ಥೆಯಾಗಿ ಬೆಳೆಯಿತು. ಜರ್ಮನಿಯಲ್ಲಿಯೂ ೧೮೯೩ರಲ್ಲಿಯೇ ವಿದ್ಯುತ್ ತಜ್ಞರ ಸಂಘವೊಂದು ಸ್ಥಾಪಿತವಾಗಿ, ೧೯೨೦ರಲ್ಲಿ ತನ್ನದೇ ಪರೀಕ್ಷಾಲಯವನ್ನು ತೆರೆಯಿತು. ಇವೆರಡೂ ಸರ್ಕಾರದ ಇಲಾಖೆಗಳಲ್ಲವೆಂಬುದು ಗಮನಾರ್ಹ. ಮುದ್ರೆಯು ಹುಟ್ಟಿದ್ದು ನಷ್ಟ ತುಂಬಿಕೊಡಬೇಕಾದವರಲ್ಲಿ, ಹಾಗೂ ವಿದ್ಯೆಯನ್ನು ಬಲ್ಲವರಲ್ಲಿ. ರಾಜಶಾಸನವು ಅನಂತರ ಅದನ್ನು ಹಿಂಬಾಲಿಸಿತು.

ಅಮೆರಿಕೆಯು ಸುಮಾರು ೧೨೦ ವೋಲ್ಟುಗಳನ್ನೂ ಯೂರೋಪು ಅದರ ಹೆಚ್ಚುಕಡಮೆ ಇಮ್ಮಡಿಯನ್ನೂ ಅನುಸರಿಸಿದುದರಿಂದ ನಿಯಮಗಳು ಬೇರೆಬೇರೆಯಾಗಿ ಬೆಳೆದುವು. ಅವುಗಳನ್ನು ಸಮೀಪಕ್ಕೆ ತರಲು ೧೯೦೬ರಲ್ಲಿ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗವು ಜನ್ಮತಾಳಿತು. ಲಾರ್ಡ್ ಕೆಲ್ವಿನ್ ಅದರ ಪ್ರಥಮಾಧ್ಯಕ್ಷರು. ಆಯೋಗವು ಅಳತೆಗೋಲನ್ನು ಕೊಟ್ಟಿತು. ಆದರೆ ಅಳತೆಗೋಲು ಒಂದಾದ ಮಾತ್ರಕ್ಕೆ, ಅಳೆಯುವ ಕೈಯ ಮೇಲೆ ಎಲ್ಲರಿಗೂ ನಂಬಿಕೆ ಬರುವುದಿಲ್ಲ. ಒಂದೇ ಮಾನಕಕ್ಕೆ ಒಳಪಟ್ಟ ಯಂತ್ರವನ್ನು ಪ್ರತಿಯೊಂದು ದೇಶವೂ ಮತ್ತೆ ತಾನೇ ಪರೀಕ್ಷಿಸುವ ಪದ್ಧತಿಯು ಮುಂದುವರಿಯಿತು.

ಈ ತೊಡಕಿಗೆ ಎರಡು ಪರಿಹಾರಗಳು ಕಾಣಬರುತ್ತವೆ. ಮೊದಲನೆಯದು ಯೂರೋಪಿನದು. ೧೯೭೩ರ ನಿರ್ದೇಶವು ಪರ್ಯಾಯ ಪ್ರವಾಹದ ೫೦ರಿಂದ ೧೦೦೦ ವೋಲ್ಟುಗಳವರೆಗಿನ ಉಪಕರಣಗಳಿಗೆ ಸಾಮಾನ್ಯ ಸುರಕ್ಷತಾನಿಯಮವನ್ನು ವಿಧಿಸಿತು. ೧೯೯೩ರ ತಿದ್ದುಪಡಿಯಿಂದ ಅದಕ್ಕೆ ಸಿ.ಇ. ಮುದ್ರೆಯು ಅನ್ವಯವಾಯಿತು. ಈ ಮುದ್ರೆಯನ್ನು ಸರ್ಕಾರದ ಪ್ರಮಾಣಪತ್ರವೆಂದು ಅನೇಕರು ಭಾವಿಸುವುದುಂಟು, ಅದು ಸರಿಯಲ್ಲ. ಸುರಕ್ಷತಾನಿಯಮದ ಮಟ್ಟಿಗೆ ತಯಾರಕನೇ ತಾಂತ್ರಿಕ ದಾಖಲೆಗಳನ್ನು ಸಿದ್ಧಪಡಿಸಿ, ತನ್ನ ಹೊಣೆಯ ಮೇಲೆ ಮಾಡುವ ಘೋಷಣೆ ಅದು. ಎರಡನೆಯದು, ೧೯೮೫ರಲ್ಲಿ ಆಯೋಗದ ಆಶ್ರಯಕ್ಕೆ ಬಂದ ಸಿ.ಬಿ. ಯೋಜನೆ: ಒಂದು ಸದಸ್ಯ ಪ್ರಯೋಗಶಾಲೆಯ ವರದಿಯನ್ನು ಇತರ ಸದಸ್ಯರು ಮನ್ನಿಸುವ ಒಡಂಬಡಿಕೆ. ಆದರೂ ಆಯಾ ದೇಶದ ವಿಶೇಷ ನಿಯಮಗಳು ಉಳಿದೇ ಇವೆ.

ನಮ್ಮ ದೇಶದ ಅನುಭವವೂ ಬೋಧಪ್ರದವಾದುದು. ೧೯೬೦ರಲ್ಲಿ ಬೆಂಗಳೂರಿನಲ್ಲಿ ಕೇಂದ್ರ ವಿದ್ಯುತ್ ಸಂಶೋಧನಾ ಸಂಸ್ಥೆಯು ಸ್ಥಾಪಿತವಾಯಿತು. ಭಾರವಾದ ಟ್ರಾನ್ಸ್‌ಫಾರ್ಮರನ್ನು ಪರೀಕ್ಷೆಗೆಂದು ಸಮುದ್ರದಾಚೆಗೆ ಕಳುಹಿಸಿ ಮರಳಿ ತರುವ ವೆಚ್ಚವನ್ನು ನೆನೆದರೆ, ಇಂಥ ಪ್ರಯೋಗಶಾಲೆಯ ಬೆಲೆ ಮನವರಿಕೆಯಾಗುವುದು. ೧೯೬೩ರ ರಫ್ತು ಗುಣನಿಯಂತ್ರಣ ಮತ್ತು ತಪಾಸಣಾ ಶಾಸನವು ಹೊರಹೋಗುವ ಸರಕಿನ ಪರಿಶೀಲನೆಗೆ ಆಧಾರವಾಯಿತು. ೨೦೧೨ರ ಆಜ್ಞೆಯ ಮೂಲಕವಾದರೋ ಭಾರತವೇ ಆಯ್ದ ಇಲೆಕ್ಟ್ರಾನಿಕ್ ವಸ್ತುಗಳಿಗೆ ನೋಂದಣಿಯನ್ನು ಕಡ್ಡಾಯಗೊಳಿಸಿತು. ವಿದೇಶೀ ತಯಾರಕರೂ ಇದಕ್ಕೆ ಒಳಪಟ್ಟರು. ಅನ್ಯರ ಬಾಗಿಲಲ್ಲಿ ಕಾದು ನಿಂತವರೇ ತಮ್ಮ ಬಾಗಿಲನ್ನು ಕಾಯುವವರೂ ಆದರು.

ಆದಕಾರಣ ನಮ್ಮ ಮೊದಲ ಪ್ರಶ್ನೆಗೆ ಏಕೋತ್ತರವಿಲ್ಲ. ವೋಲ್ಟು, ಪ್ಲಗ್ಗು, ಹವೆ ಇವುಗಳ ಭೇದದಿಂದ ಹುಟ್ಟಿದ ನಿಯಮವು ನ್ಯಾಯವಾದುದು. ಒಂದೇ ಮಾನಕದ ಮೇರೆಗೆ, ಸಮರ್ಥವಾದ ಪ್ರಯೋಗಶಾಲೆಯಲ್ಲಿ ಒಮ್ಮೆ ಗೆದ್ದ ಪರೀಕ್ಷೆಯನ್ನು ಮತ್ತೆ ಕೇಳುವುದಾದರೆ, ಅಲ್ಲಿ ರಕ್ಷಣೆಗಿಂತ ಅಪನಂಬಿಕೆಯೇ ಹೆಚ್ಚು. ಅದರ ಭಾರವೂ ಸಮವಾಗಿ ಬೀಳುವುದಿಲ್ಲ: ಲಕ್ಷ ಉಪಕರಣಗಳನ್ನು ಮಾಡುವವನೂ ನೂರನ್ನು ಮಾಡುವವನೂ ಒಂದು ಮಾದರಿಯ ಪರೀಕ್ಷೆಗೆ ತೆರುವ ಶುಲ್ಕ ಹೆಚ್ಚುಕಡಮೆ ಒಂದೇ. ಪ್ರಮಾಣಮುದ್ರೆಯ ಇತಿಹಾಸವನ್ನು ಬರೆಯುವವರು ದೊಡ್ಡ ಸಂಸ್ಥೆಗಳ ಕಡತಗಳೊಡನೆ, ಆ ಶುಲ್ಕವನ್ನು ತೆರಲಾರದೆ ಹಿಂದಿರುಗಿದ ಸಣ್ಣ ಕಾರ್ಖಾನೆಗಳ ಲೆಕ್ಕಪುಸ್ತಕಗಳನ್ನೂ ತೆರೆದು ನೋಡಬೇಕೆಂದು ನಾವು ಭಾವಿಸುತ್ತೇವೆ.