ಕುದುರೆಪಟ್ಟಿಯ ಲೋಹಸಜ್ಜು

ಮಧ್ಯಯುಗದ ತೊಗಲುಪಟ್ಟಿಗಳನ್ನು ಬಿಗಿಯುವ ಬಕ್ಕಲ್ಲು, ಪಟ್ಟಿಯ ತುದಿ ಸವೆಯದಂತೆ ಕಾಯುವ ಲೋಹದ ಕವಚ, ಮೊಳೆಯಿಂದ ಕೂರಿಸಿದ ಚಿತ್ತಾರದ ಬಿಲ್ಲೆ ಮೊದಲಾದವು ಇಂಗ್ಲೆಂಡಿನ ಹೊಲಗಳಲ್ಲಿ ಲೋಹಶೋಧಕಗಳಿಗೆ ಹೇರಳವಾಗಿ ಸಿಗುತ್ತವೆ. ಹೊನ್ನಾವರದ ಬಳಿಯ ಕರ್ಕಿಯ ಸುತ್ತಲಿನ ಕರಾವಳಿಯಲ್ಲಾದರೋ ಇಂಥ ಲೋಹಸಜ್ಜಿನ ಚರಿತ್ರೆ ಕುದುರೆ ವ್ಯಾಪಾರದೊಡನೆ ಹೆಣೆದುಕೊಂಡಿದೆ.

ಅರೇಬಿಯಾ ಮತ್ತು ಹೊರ್ಮುಜ್‌ನಿಂದ ಹಡಗಿನಲ್ಲಿ ಬಂದ ಕುದುರೆಗಳು ಭಟ್ಕಳದಂಥ ಬಂದರುಗಳಲ್ಲಿ ಇಳಿದು, ಘಟ್ಟ ಹತ್ತಿ ವಿಜಯನಗರ ಸೇರುತ್ತಿದ್ದವು. ಹಲ್ಲಣ, ಅಂದರೆ ಜೀನು, ಸವಾರ ಕಾಲಿಡುವ ಅಂಕವಣಿ, ಲಗಾಮು, ಎದೆಪಟ್ಟಿ ಇವೆಲ್ಲ ಸೇರಿ ಕುದುರೆಯ ಸಜ್ಜಾಗುತ್ತಿತ್ತು. ತೊಗಲು ಮಳೆನಾಡಿನ ತೇವದ ಮಣ್ಣಿನಲ್ಲಿ ಬೇಗ ಕೊಳೆಯುವುದರಿಂದ ಈ ಸಜ್ಜಿನ ರೂಪವನ್ನು ತಿಳಿಯಲು ಶಿಲ್ಪ ಮತ್ತು ಬರಹಗಳೇ ಹೆಚ್ಚು ನೆರವಾಗುತ್ತವೆ. ಹಂಪಿಯ ಹಜಾರರಾಮ ದೇಗುಲದ ಹೊರಗೋಡೆಯಲ್ಲಿ ಕುದುರೆಗಳ ಸಾಲನ್ನು ಕೆತ್ತಲಾಗಿದ್ದು, 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅರಸನ ಕುದುರೆಗಳ ಹಣೆಯ ಬೆಳ್ಳಿ ತಗಡುಗಳನ್ನೂ ಚಿನ್ನದ ಲೇಪವನ್ನೂ ವರ್ಣಿಸಿದ್ದಾನೆ.

1510ರಲ್ಲಿ ಗೋವೆಯನ್ನು ಗೆದ್ದ ಪೋರ್ಚುಗೀಸರು ಕುದುರೆ ಹಡಗುಗಳನ್ನು ಅಲ್ಲಿಗೇ ತಿರುಗಿಸಲು ಯತ್ನಿಸಿ, 1547ರ ಒಪ್ಪಂದದಲ್ಲಿ ಗೋವೆಯ ಕುದುರೆಗಳನ್ನು ಕೊಳ್ಳುವ ಹಕ್ಕನ್ನು ವಿಜಯನಗರಕ್ಕೆ ಕೊಟ್ಟಾಗ, ಕರಾವಳಿಯ ಇತರ ಬಂದರುಗಳ ಕುದುರೆ ವ್ಯಾಪಾರಕ್ಕೆ ಪೆಟ್ಟು ಬಿದ್ದಿತು. ಲೋಹದ ಕುಶಲತೆ ಮಾತ್ರ ಇಲ್ಲಿ ಅಳಿಯಲಿಲ್ಲ. ಕರ್ಕಿಯಲ್ಲಿ ಜ್ಞಾನೇಶ್ವರಿ ಪೀಠವನ್ನು ಹೊಂದಿರುವ ದೈವಜ್ಞ ಸಮುದಾಯದ ಪಾರಂಪರಿಕ ವೃತ್ತಿಯೇ ಚಿನ್ನ, ಬೆಳ್ಳಿಯ ಕೆಲಸ.

ಕುದುರೆಸಜ್ಜಿನ ಇಂಥ ಬಿಲ್ಲೆ ನೆಲದಲ್ಲಿ ಸಿಕ್ಕರೆ, ಲೋಹಶೋಧಕ ಹಿಡಿದು ಹುಡುಕುವ ಇಂಗ್ಲೆಂಡಿನ ಹವ್ಯಾಸಿಯ ದಾರಿ ಇಲ್ಲಿ ಸಲ್ಲದು. ಕರ್ನಾಟಕದ 1962ರ ನಿಧಿ ಕಾಯ್ದೆಯಂತೆ, ನೆಲದಲ್ಲಿ ಅಡಗಿದ್ದ ಬೆಲೆಯುಳ್ಳ ವಸ್ತುವನ್ನು ಕಂಡವರು ಜಿಲ್ಲಾಧಿಕಾರಿಗೆ ತಿಳಿಸಬೇಕು.