ರಾಜಿಯಾದ ಮೇಲಿನ ವಿಚಾರಣೆ

ಸಾಮಾನ್ಯ ದಾವೆಯಲ್ಲಿ ವಾದಿ-ಪ್ರತಿವಾದಿಗಳು ರಾಜಿಯಾದರೆ ನ್ಯಾಯಾಧೀಶರ ಕೆಲಸ ಬಹುಪಾಲು ಮುಗಿದಂತೆ. ಸಾಮೂಹಿಕ ಮೊಕದ್ದಮೆಯಲ್ಲಿ ಕಷ್ಟದ ಕೆಲಸ ಶುರುವಾಗುವುದೇ ಆಗ. ಬೆರಳೆಣಿಕೆಯ ಕೆಲವರು ಲಕ್ಷಾಂತರ ಜನರ ಪರವಾಗಿ ದಾವೆ ಹೂಡಿರುತ್ತಾರೆ. ರಾಜಿಗೆ ಕೋರ್ಟಿನ ಒಪ್ಪಿಗೆ ಸಿಕ್ಕರೆ, ತಮಗಾಗಿ ದಾವೆ ನಡೆಯುತ್ತಿದೆಯೆಂದು ಗೊತ್ತೇ ಇಲ್ಲದವರ ಹಕ್ಕೂ ಅಲ್ಲಿಗೆ ಮುಗಿಯುತ್ತದೆ. ಆ ಹೊತ್ತಿಗೆ ಕಂಪನಿಗೆ ಬೇಕಿರುವುದು ತಲೆನೋವಿನ ಕೊನೆ, ವಕೀಲರಿಗೆ ಬೇಕಿರುವುದು ಶುಲ್ಕ. ನಿನ್ನೆಯವರೆಗೆ ಎದುರಾಳಿಗಳಾಗಿದ್ದವರು ಇಂದು ಒಂದೇ ಕಾಗದ ಹಿಡಿದು ಒಂದೇ ದನಿಯಲ್ಲಿ ಮಾತಾಡುತ್ತಾರೆ. ಗೈರುಹಾಜರಾದವರ ಪರವಾಗಿ ಪ್ರಶ್ನೆ ಕೇಳಲು ಉಳಿಯುವವರು ನ್ಯಾಯಾಧೀಶರೊಬ್ಬರೇ. ಆ ಪ್ರಶ್ನೆಗಳು ಹೇಗೆ ಹರಿತವಾದವು ಎಂಬುದನ್ನು ತಿಳಿಯಲು ಅಮೆರಿಕದ ಜೀವವಿಮೆ ಮೊಕದ್ದಮೆಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ.

ಅಮೆರಿಕದ ಫೆಡರಲ್ ಸಿವಿಲ್ ಪ್ರಕ್ರಿಯೆಯ 23ನೇ ನಿಯಮ 1966ರಲ್ಲಿ ಆಧುನಿಕ ರೂಪ ತಳೆಯಿತು. ಕೋರ್ಟಿನ ಅನುಮತಿಯಿಲ್ಲದೆ ರಾಜಿ ಇಲ್ಲ ಎಂದು ಅದು ಹೇಳಿತೇ ಹೊರತು, ಅನುಮತಿ ಕೊಡುವ ಮುನ್ನ ಏನನ್ನು ನೋಡಬೇಕೆಂದು ಹೇಳಲಿಲ್ಲ. ಆ ಖಾಲಿ ಜಾಗವನ್ನು ತುಂಬಿದ್ದು ತೀರ್ಪುಗಳು. 1975ರ ಗಿರ್ಶ್-ಜೆಪ್ಸನ್ ಪ್ರಕರಣದಲ್ಲಿ ಥರ್ಡ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಒಂಬತ್ತು ಅಂಶಗಳನ್ನು ಹೇಳಿತು: ಮೊಕದ್ದಮೆ ಎಷ್ಟು ಜಟಿಲ, ಸದಸ್ಯರ ಪ್ರತಿಕ್ರಿಯೆ ಏನು, ಸೋಲುವ ಅಪಾಯ ಎಷ್ಟು, ಸಿಗುವ ಮೊತ್ತ ಆ ಅಪಾಯಕ್ಕೆ ತಕ್ಕದ್ದೇ, ಹೀಗೆ. ಒಳ್ಳೆಯ ಅಂಶಗಳೇ. ಆದರೆ ಅವು ರಾಜಿಯನ್ನು ಒಟ್ಟು ಮೊತ್ತವಾಗಿ ತೂಗುತ್ತಿದ್ದವು. ಒಬ್ಬೊಬ್ಬ ಸದಸ್ಯನ ಕೈಗೆ ಹಣ ತಲುಪುವ ದಾರಿ ಅಲ್ಲಿ ಮುಖ್ಯವಾಗಿರಲಿಲ್ಲ.

ಆ ದಾರಿಯ ಪ್ರಶ್ನೆಯನ್ನು ಮುಂದೆ ತಂದದ್ದು ಜೀವವಿಮೆ ಮಾರಾಟದಲ್ಲಿ ನಡೆದ ಮೂರು ಬಗೆಯ ಮೋಸ. ಮೊದಲನೆಯದು ಹೀಗೆ: 1980ರ ದಶಕದ ಆರಂಭದಲ್ಲಿ ಅಮೆರಿಕದ ಬಡ್ಡಿದರಗಳು ಬಹಳ ಮೇಲಿದ್ದವು. ಕೆಲವು ವರ್ಷ ಪ್ರೀಮಿಯಂ ಕಟ್ಟಿ, ಆಮೇಲೆ ಡಿವಿಡೆಂಡೇ ಕಂತನ್ನು ತುಂಬಿಕೊಳ್ಳುತ್ತದೆ ಎಂದು ಏಜೆಂಟರು ಮನೆಮನೆಗೆ ಹೇಳಿದರು. ಬಡ್ಡಿ ಇಳಿಯಿತು, ಡಿವಿಡೆಂಡ್ ಕುಗ್ಗಿತು, ಮಾಯವಾಗಬೇಕಿದ್ದ ಪ್ರೀಮಿಯಂ ನಿವೃತ್ತಿಯ ವಯಸ್ಸಿನಲ್ಲೂ ಬಾಗಿಲು ತಟ್ಟಿತು. ಎರಡನೆಯ ಬಗೆಯ ಮೋಸದಲ್ಲಿ, ಹಳೆಯ ಪಾಲಿಸಿಯಲ್ಲಿ ಕೂಡಿದ್ದ ಹಣವನ್ನು ಕರಗಿಸಿ ಹೊಸ ಪಾಲಿಸಿಗೆ ಸುರಿಯಲಾಗುತ್ತಿತ್ತು. ಏಜೆಂಟನಿಗೆ ಮತ್ತೊಮ್ಮೆ ಕಮಿಷನ್, ಗ್ರಾಹಕನಿಗೆ ಬರಿದಾದ ಉಳಿತಾಯ. ಮೂರನೆಯದು ಜೀವವಿಮೆಯನ್ನು ಪಿಂಚಣಿಯೆಂದೋ ಉಳಿತಾಯ ಯೋಜನೆಯೆಂದೋ ಹೇಳಿ ಮಾರುವುದು. ಫ್ಲೋರಿಡಾದ ಟ್ಯಾಂಪಾದಿಂದ ಮೆಟ್ರೊಪಾಲಿಟನ್ ಲೈಫ್ ಏಜೆಂಟರು ದಾದಿಯರಿಗೆ ನಿವೃತ್ತಿ ಯೋಜನೆಯ ಹೆಸರಿನಲ್ಲಿ ಪಾಲಿಸಿ ಮಾರಿದ್ದು 1993ರಲ್ಲಿ ಬಯಲಾದಾಗ ದೇಶ ಬೆಚ್ಚಿತು. ಹಗಲಿರುಳು ದುಡಿದು ಉಳಿಸಿದ ಹಣ ಅದು.

ಇವೆಲ್ಲ ಒಂದೆಡೆ ಸೇರಿದ್ದು ಪ್ರುಡೆನ್ಷಿಯಲ್ ವಿಮಾ ಕಂಪನಿಯ ಮೇಲಿನ ಮೊಕದ್ದಮೆಯಲ್ಲಿ. 1982ರಿಂದ 1995ರವರೆಗೆ ಪಾಲಿಸಿ ಕೊಂಡ 80 ಲಕ್ಷಕ್ಕೂ ಹೆಚ್ಚು ಜನ ಆ ಸಮೂಹದಲ್ಲಿದ್ದರು. ವಿಚಾರಣೆ ನಡೆದದ್ದು ಕಂಪನಿಯ ತವರಾದ ನ್ಯೂಅರ್ಕ್‌ನಲ್ಲಿ, ನ್ಯಾಯಾಧೀಶ ಆಲ್ಫ್ರೆಡ್ ವೋಲಿನ್ ಅವರ ಮುಂದೆ. ಅದಕ್ಕೂ ಮುನ್ನ ಹಲವು ರಾಜ್ಯಗಳ ವಿಮಾ ನಿಯಂತ್ರಕರ ಕಾರ್ಯಪಡೆ ತನಿಖೆ ಮುಗಿಸಿ, 1996ರ ಜುಲೈನಲ್ಲಿ ವರದಿ ಕೊಟ್ಟು, 3.5 ಕೋಟಿ ಡಾಲರ್ ದಂಡ ಹಾಗೂ ಪರಿಹಾರದ ಯೋಜನೆಯೊಂದನ್ನು ಮುಂದಿಟ್ಟಿತ್ತು. ವಕೀಲರ ರಾಜಿ ಎದ್ದು ನಿಂತಿದ್ದು ಆ ಅಡಿಪಾಯದ ಮೇಲೆ. ದಾಖಲೆಗಳನ್ನು ಉಳಿಸಿಕೊಳ್ಳಬೇಕೆಂಬ ಆದೇಶವಿದ್ದರೂ ಕಂಪನಿಯ ಕಚೇರಿಗಳಲ್ಲಿ ಕಾಗದಪತ್ರ ನಾಶವಾದದ್ದು ಗೊತ್ತಾದಾಗ, 1997ರ ಜನವರಿಯಲ್ಲಿ ವೋಲಿನ್ 10 ಲಕ್ಷ ಡಾಲರ್ ದಂಡ ಹಾಕಿದರು. ಅದೇ ವರ್ಷದ ಮಾರ್ಚ್‌ನಲ್ಲಿ ರಾಜಿಯನ್ನು ಅಂಗೀಕರಿಸಿದರು.

ಈ ರಾಜಿಯ ಹೆಚ್ಚುಗಾರಿಕೆ ಅದರ ಮೊತ್ತದಲ್ಲಿರಲಿಲ್ಲ. ಒಬ್ಬೊಬ್ಬರ ದೂರನ್ನೂ ಬೇರೆಬೇರೆಯಾಗಿ ಓದುವ ವ್ಯವಸ್ಥೆಯಲ್ಲಿತ್ತು. ಪಾಲಿಸಿದಾರ ತನಗಾದ ಮೋಸವನ್ನು ಬರೆದು ಕಳುಹಿಸಿದರೆ ಸೊನ್ನೆಯಿಂದ ಮೂರರವರೆಗೆ ಅಂಕ. ಮೂರು ಬಂದರೆ ಪೂರ್ಣ ಪರಿಹಾರ. ಕಂಪನಿಯ ಸಿಬ್ಬಂದಿಯ ನಿರ್ಧಾರದ ಮೇಲೆ ಸ್ವತಂತ್ರ ಪರಿಶೀಲಕರ ಹಂತಗಳಿದ್ದವು. ಪುರಾವೆಯ ಕಟ್ಟುನಿಟ್ಟು ಸಡಿಲವಾಗಿತ್ತು. ಅಡುಗೆಮನೆಯ ಮೇಜಿನ ಬಳಿ ಕೂತು ಏಜೆಂಟ್ ಹೇಳಿದ ಮಾತಿಗೆ ಸಾಕ್ಷಿ ಎಲ್ಲಿಂದ ತರುವುದು? ಆ ಕಷ್ಟವನ್ನು ಒಪ್ಪಿಕೊಂಡ ವ್ಯವಸ್ಥೆ ಇದು. ಮೋಸ ಸಾಬೀತುಪಡಿಸಲಾಗದವರಿಗೆ ಅದೇ ಕಂಪನಿಯಿಂದ ಕಡಿಮೆ ಬಡ್ಡಿಯ ಸಾಲ, ರಿಯಾಯಿತಿಯ ಹೊಸ ಪಾಲಿಸಿಗಳಂಥ ಸವಲತ್ತು ಇತ್ತು. ಮೋಸಹೋದವನನ್ನು ಅದೇ ಅಂಗಡಿಗೆ ಮತ್ತೆ ಕರೆಯುವ ಈ ಭಾಗ ನನಗೆ ಒಪ್ಪಿಗೆಯಾಗಿಲ್ಲ.

ಅಂಗೀಕಾರದ ಬೆನ್ನಲ್ಲೇ, 1997ರ ಜೂನ್‌ನಲ್ಲಿ, ಆ್ಯಮ್‌ಕೆಮ್ ತೀರ್ಪು ಬಂತು. ಕಲ್ನಾರಿನ ಧೂಳಿಗೆ ಒಡ್ಡಿಕೊಂಡವರ ಬೃಹತ್ ರಾಜಿಯನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ರಾಜಿ ನ್ಯಾಯಯುತವಾಗಿ ಕಂಡರೆ ಸಾಲದು, ಸಮೂಹಕ್ಕೆ ಒಗ್ಗಟ್ಟು ಇದೆಯೇ ಎಂಬುದನ್ನೂ ಕಠಿಣವಾಗಿ ಪರೀಕ್ಷಿಸಬೇಕು ಎಂದು ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಬರೆದರು. ಪ್ರುಡೆನ್ಷಿಯಲ್ ರಾಜಿ ಈ ಹೊಸ ಜರಡಿಯಲ್ಲಿ ನಿಲ್ಲುತ್ತದೆಯೇ? 1998ರಲ್ಲಿ ಥರ್ಡ್ ಸರ್ಕ್ಯೂಟ್ ನಿಲ್ಲುತ್ತದೆ ಎಂದಿತು: ಇಲ್ಲಿ ನಷ್ಟ ಹಣದ್ದು, ಅದು ಆಗಲೇ ಆಗಿಹೋಗಿದೆ, ಎಲ್ಲವೂ ಕಂಪನಿಯ ಒಂದೇ ಯೋಜನೆಯಿಂದ ಹುಟ್ಟಿದ್ದು, ನಾಳೆ ಕಾಯಿಲೆ ಬೀಳಬಹುದಾದ ಅಜ್ಞಾತರ ಪ್ರಶ್ನೆ ಇಲ್ಲಿಲ್ಲ. ಜೊತೆಗೆ ಗಿರ್ಶ್ ಅಂಶಗಳನ್ನು ಅದು ವಿಸ್ತರಿಸಿತು. ಹೊರಗುಳಿಯುವ ಹಕ್ಕು ಇದೆಯೇ, ಒಬ್ಬೊಬ್ಬರ ಕ್ಲೇಮು ಇತ್ಯರ್ಥಪಡಿಸುವ ವಿಧಾನ ನ್ಯಾಯವಾದದ್ದೇ, ವಕೀಲರ ಶುಲ್ಕ ಸಮಂಜಸವೇ ಎಂಬ ಪ್ರಶ್ನೆಗಳು ಅಂದಿನಿಂದ ಪಟ್ಟಿಗೆ ಸೇರಿದವು.

ಶುಲ್ಕದ ವಿಷಯದಲ್ಲಿ ಕೋರ್ಟ್ ಇನ್ನೂ ಕಟುವಾಗಿತ್ತು. ವಕೀಲರಿಗೆ ಮಂಜೂರಾಗಿದ್ದ 9 ಕೋಟಿ ಡಾಲರ್ ಶುಲ್ಕದ ಆದೇಶವನ್ನು ರದ್ದುಮಾಡಿ ವಾಪಸು ಕಳುಹಿಸಿತು. ನಿಯಂತ್ರಕರ ಕಾರ್ಯಪಡೆ ಮೊದಲೇ ಗಳಿಸಿಕೊಟ್ಟ ಪರಿಹಾರವೆಷ್ಟು, ವಕೀಲರು ಅದಕ್ಕೆ ಸೇರಿಸಿದ್ದೆಷ್ಟು ಎಂದು ಬಿಡಿಸಿ ನೋಡದೆ ಶುಲ್ಕ ನಿಗದಿಪಡಿಸುವುದು ಹೇಗೆ ಎಂಬುದು ಅದರ ಪ್ರಶ್ನೆ. ಈ ಪ್ರಶ್ನೆ ಮೇಲ್ಮನವಿಗೆ ಬಂದದ್ದು ಆಕ್ಷೇಪ ಎತ್ತಿದ ಕೆಲವೇ ಪಾಲಿಸಿದಾರರಿಂದ. 80 ಲಕ್ಷ ಜನರಲ್ಲಿ ಆಕ್ಷೇಪಣೆ ಸಲ್ಲಿಸಿದವರು ಸುಮಾರು 300. ಮೌನವನ್ನು ಸಮ್ಮತಿಯೆಂದು ಓದಿಬಿಡುವ ನ್ಯಾಯಾಧೀಶರಿಗೆ ಇಂಥವರು ಅಡಚಣೆಯಾಗಿ ಕಾಣಬಹುದು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರ ಬೆಳೆದದ್ದೇ ಅವರಿಂದ.

ನ್ಯೂಯಾರ್ಕ್ ಲೈಫ್, ಜಾನ್ ಹ್ಯಾನ್‌ಕಾಕ್, ಮೆಟ್ರೊಪಾಲಿಟನ್ ಲೈಫ್ ಮೊಕದ್ದಮೆಗಳೂ ಆ ದಶಕದಲ್ಲಿ ರಾಜಿಯಲ್ಲೇ ಮುಗಿದವು. ಅದೇ ಸಮಯದಲ್ಲಿ ಇನ್ನೊಂದು ಬೆಳವಣಿಗೆ ನಡೆಯಿತು, ಅದು ಕಳವಳಕಾರಿ. ಕಂಪನಿ ರಾಜಿಗೆ ಒಪ್ಪದೆ ಹೋರಾಡಿದಾಗ ಹಲವು ಕೋರ್ಟುಗಳು ಸಮೂಹವನ್ನೇ ಮಾನ್ಯ ಮಾಡಲಿಲ್ಲ: ಪ್ರತಿ ಏಜೆಂಟನ ಮಾತು ಬೇರೆ, ಪ್ರತಿ ಗ್ರಾಹಕ ನಂಬಿದ್ದು ಬೇರೆ ಎಂಬುದು ಕಾರಣ. 2001ರಲ್ಲಿ ಲೈಫ್‌ಯುಎಸ್‌ಎ ಪ್ರಕರಣದಲ್ಲಿ ಇದೇ ಥರ್ಡ್ ಸರ್ಕ್ಯೂಟ್ ಹಾಗೆಯೇ ಹೇಳಿತು. ವಿಚಾರಣೆಯ ಹಾದಿ ಮುಚ್ಚಿದೆಯೆಂದು ಗೊತ್ತಿರುವ ಕಂಪನಿಯೊಡನೆ ರಾಜಿಗೆ ಕೂರುವ ಗ್ರಾಹಕರ ಕೈಯಲ್ಲಿ ಬಲ ಎಷ್ಟಿರುತ್ತದೆ? ಹಾಗಾಗಿಯೇ ರಾಜಿಯ ಪರಿಶೀಲನೆ ಇನ್ನಷ್ಟು ಬಿಗಿಯಾಗಬೇಕಿತ್ತು.

ತಡವಾಗಿಯಾದರೂ ಬಿಗಿಯಾಯಿತು. 2005ರ ಕ್ಲಾಸ್ ಆ್ಯಕ್ಷನ್ ಫೇರ್‌ನೆಸ್ ಕಾಯ್ದೆ ಕೂಪನ್ ರೂಪದ ಪರಿಹಾರಕ್ಕೆ ಕಡಿವಾಣ ಹಾಕಿ, ಶುಲ್ಕವನ್ನು ನಿಜವಾಗಿ ಬಳಕೆಯಾದ ಕೂಪನ್‌ಗಳಿಗೆ ಜೋಡಿಸಿತು. ಸದಸ್ಯರಿಗೆ ನೇರವಾಗಿ ಎಷ್ಟು ತಲುಪುತ್ತದೆ ಎಂಬುದನ್ನು ನ್ಯಾಯಾಧೀಶರು ನೋಡಲೇಬೇಕು ಎಂದು 2013ರ ಬೇಬಿ ಪ್ರಾಡಕ್ಟ್ಸ್ ತೀರ್ಪು ಹೇಳಿತು. 2018ರ ತಿದ್ದುಪಡಿ ಪರಿಹಾರ ಹಂಚುವ ವಿಧಾನದ ಪರಿಶೀಲನೆಯನ್ನು 23ನೇ ನಿಯಮದೊಳಗೇ ತಂದಿತು; ಹಣ ಪಡೆದು ಆಕ್ಷೇಪಣೆ ಹಿಂದೆಗೆದುಕೊಳ್ಳಲೂ ಕೋರ್ಟಿನ ಅನುಮತಿ ಬೇಕೆಂದಿತು.

ಭಾರತದಲ್ಲಿ ಸಾಮೂಹಿಕ ಮೊಕದ್ದಮೆಯ ಬಾಗಿಲೇ ಕಿರಿದು. ಬೆಂಗಳೂರಿನ ಬ್ರಿಗೇಡ್ ಲೇಕ್‌ಫ್ರಂಟ್ ಫ್ಲ್ಯಾಟ್ ಖರೀದಿದಾರರು ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎಲ್ಲರ ಪರವಾಗಿ ತಂದ ದೂರನ್ನು ಸುಪ್ರೀಂ ಕೋರ್ಟ್ 2021ರಲ್ಲಿ ಸಾಮೂಹಿಕ ದೂರೆಂದು ಒಪ್ಪಲಿಲ್ಲ, ಅರ್ಜಿದಾರರಷ್ಟೇ ಸೇರಿ ಕೊಟ್ಟ ಜಂಟಿ ದೂರಾಗಿ ಮುಂದುವರಿಸಲು ಬಿಟ್ಟಿತು. ಇನ್ನು ಪ್ರಾತಿನಿಧಿಕ ದಾವೆ ರಾಜಿಯಾಗುವುದಾದರೆ, 1976ರಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಗೆ ಸೇರಿದ 23ನೇ ಆದೇಶದ 3-ಬಿ ನಿಯಮ ಕೋರ್ಟಿನ ಅನುಮತಿ ಮತ್ತು ಹಿತಾಸಕ್ತರಿಗೆ ನೋಟಿಸ್ ಕಡ್ಡಾಯ ಮಾಡುತ್ತದೆ. ಅನುಮತಿಗೆ ಮುನ್ನ ಏನೇನು ಕೇಳಬೇಕು ಎಂಬ ಪಟ್ಟಿ ಅದರಲ್ಲಿಲ್ಲ. 1966ರ ಅಮೆರಿಕದ ನಿಯಮದಲ್ಲಿ ಇದ್ದಂಥದೇ ಖಾಲಿ ಜಾಗ ಅಲ್ಲಿದೆ.