ಬಗನಿ ಕಳ್ಳಿನಿಂದ ಟೆಟ್ರಾ ಪ್ಯಾಕಿನವರೆಗೆ

ಜೂನ್ ಮಳೆ ಹಿಡಿದರೆ ಸಾಕು, ನಮ್ಮ ಕಡೆ ಒಂದು ಮಾತು ಶುರುವಾಗುತ್ತದೆ. "ಈ ಚಳಿಗೆ ಒಂಚೂರು ಹಾಕ್ದೆ ಹ್ಯಾಗೆ ಮಾರಾಯ?" ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂರೂ ತಾಲ್ಲೂಕಿನಲ್ಲಿ ಕುಡಿಯುವವರಿಗೆ ಇದಕ್ಕಿಂತ ಒಳ್ಳೆ ನೆಪ ಇಲ್ಲ. ಕುಡಿದಾಗ ಚರ್ಮದ ಕೆಳಗಿನ ರಕ್ತನಾಳಗಳು ಹಿಗ್ಗಿ ಬೆಚ್ಚಗಾದ ಹಾಗೆ ಅನ್ನಿಸುತ್ತದೆ, ಅಷ್ಟೇ. ಒಳಗಿನ ಶಾಖ ಇನ್ನೂ ಬೇಗ ಹೊರಗೆ ಹೋಗುತ್ತದೆ.

ಇರಲಿ. ನಾನು ಹೇಳಹೊರಟಿದ್ದು ವೈದ್ಯಶಾಸ್ತ್ರ ಅಲ್ಲ, ನಮ್ಮ ಮಲೆನಾಡಿನ ಅಮಲಿನ ಚರಿತ್ರೆ. ಅದನ್ನು ತಡೆಯಲು ಯಾರ್ಯಾರು ಏನೇನು ಮಾಡಿದರು, ಯಾವುದು ಫಲ ಕೊಟ್ಟಿತು ಅನ್ನುವ ಕಥೆ.

ಮೊದಲು ಇದ್ದದ್ದು ಬಗನಿ ಕಳ್ಳು. ಕಾಡಂಚಿನ ಬಗನಿ ಮರಕ್ಕೆ ಮಡಕೆ ಕಟ್ಟಿ ಇಳಿಸಿದ್ದು. ಹಬ್ಬಕ್ಕೆ, ಬೇಟೆಗೆ, ಭೂತಕ್ಕೆ ಎಡೆ ಇಡಲಿಕ್ಕೆ, ಎಲ್ಲದಕ್ಕೂ ಅದು ಬೇಕು. ಕುವೆಂಪು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, 1904ರಲ್ಲಿ. ಅವರ 'ಕಾನೂರು ಹೆಗ್ಗಡಿತಿ' (1936) ಓದಿದವರಿಗೆ ಈ ಕಳ್ಳಿನ ಲೋಕ ಗೊತ್ತೇ ಇರುತ್ತದೆ. ಅದೇನೂ ಸುಖದ ಲೋಕ ಅಲ್ಲ. ಆದರೂ ಅದಕ್ಕೊಂದು ಮಿತಿ ಇತ್ತು: ಮರ ಕೊಟ್ಟಷ್ಟೇ ಕಳ್ಳು. ಇಟ್ಟರೆ ಹುಳಿಯಾಗುತ್ತದೆ, ದೂರ ಸಾಗಿಸಲಿಕ್ಕೂ ಆಗುವುದಿಲ್ಲ.

ಆ ಮಿತಿ ಮುರಿದದ್ದು ಸಾರಾಯಿ. ಬಾಟ್ಲಿಗೆ ತುಂಬಬಹುದು, ವರ್ಷಗಟ್ಟಲೆ ಇಡಬಹುದು, ಮುಖ್ಯವಾಗಿ ತೆರಿಗೆ ಹಾಕಬಹುದು! ಬ್ರಿಟಿಷರ ಪ್ರಾಂತ್ಯಗಳಲ್ಲಿ ಹೇಗೋ ಮೈಸೂರು ಸಂಸ್ಥಾನದಲ್ಲೂ ಹಾಗೇ, ಅಬಕಾರಿ ಅನ್ನುವುದು ಖಜಾನೆಯ ದೊಡ್ಡ ಆದಾಯವಾಯಿತು. ಸ್ವಾತಂತ್ರ್ಯ ಬಂತು. ಮದ್ಯಪಾನ ನಿಷೇಧಕ್ಕೆ ಸರ್ಕಾರ ಶ್ರಮಿಸಬೇಕು ಅಂತ ಸಂವಿಧಾನದ 47ನೇ ವಿಧಿಯಲ್ಲಿ ಬರೆದಿಟ್ಟರು. ನಮ್ಮ ರಾಜ್ಯವೂ ಪಾನನಿರೋಧದ ಪ್ರಯೋಗ ಮಾಡಿ 1960ರ ದಶಕದಲ್ಲಿ ಕೈಬಿಟ್ಟಿತು. ಆಮೇಲೆ ಹರಾಜು, ಗುತ್ತಿಗೆ, ಗುತ್ತಿಗೆದಾರರ ದರ್ಬಾರು. 1986ರ ಫೆಬ್ರವರಿಯಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆ ವಿಚಾರದಲ್ಲಿ ಹೈಕೋರ್ಟು ಟೀಕಿಸಿದ್ದಕ್ಕೆ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟು, ಕೆಲವೇ ದಿನಗಳಲ್ಲಿ ವಾಪಸ್ ಪಡೆದದ್ದು ಹಿರಿಯರಿಗೆ ನೆನಪಿರಬಹುದು. ಸಾರಾಯಿಯ ಕೈ ಅಷ್ಟು ಮೇಲಿನವರೆಗೆ ಚಾಚಿತ್ತು.

ಬಾಟ್ಲಿ ಹೋಗಿ ಪ್ಲಾಸ್ಟಿಕ್ ಪ್ಯಾಕೆಟ್ ಬಂತು, ನಮ್ಮ ಕಡೆಯವರ ಬಾಯಲ್ಲಿ 'ಕೊಟ್ಟೆ'. ತೋಟದಲ್ಲಿ ಬಟವಾಡೆ ಆದ ಸಂಜೆ ದುಡ್ಡು ಮನೆ ಮುಟ್ಟುವ ಮೊದಲೇ ಅಂಗಡಿ ಮುಟ್ಟುತ್ತಿತ್ತು. ಕಾಫಿ ತೋಟದ ಕಾಲುದಾರಿಯಲ್ಲಿ, ಹಳ್ಳದ ಸಂಕದ ಕೆಳಗೆ ಖಾಲಿ ಕೊಟ್ಟೆ ಬಿದ್ದಿರುವುದನ್ನು ನೋಡುತ್ತಲೇ ನಾವೆಲ್ಲ ಶಾಲೆಗೆ ಹೋದವರು. ಅದು ತಪ್ಪು ಅಂತ ಯಾರಿಗೂ ಅನ್ನಿಸುತ್ತಿರಲಿಲ್ಲ, ಮಳೆಗಾಲದ ಉಂಬಳದ ಹಾಗೆ ಇರುವಂಥದ್ದೇ ಅಂದುಕೊಂಡಿದ್ದೆವು.

2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ಬಂದ್ ಆಯಿತು. ಕುಮಾರಸ್ವಾಮಿ ಮುಖ್ಯಮಂತ್ರಿ, ಯಡಿಯೂರಪ್ಪ ಹಣಕಾಸು ನೋಡುತ್ತಿದ್ದ ಉಪಮುಖ್ಯಮಂತ್ರಿ. ಹೆಂಗಸರು ನಿಟ್ಟುಸಿರು ಬಿಟ್ಟರು. ಆಮೇಲೆ? ಅಗ್ಗದ ವಿಸ್ಕಿ, ಬ್ರಾಂದಿ, ರಮ್ಮು 90 ಎಂಎಲ್ ಟೆಟ್ರಾ ಪ್ಯಾಕಿನಲ್ಲಿ ಬಂದವು. ಬೆಲೆ ಸಾರಾಯಿಗಿಂತ ಜಾಸ್ತಿ. ಕುಡಿಯುವವನು ಅದೇ, ಕೂಲಿ ಅದೇ, ಮನೆಗೆ ಉಳಿಯುವುದು ಇನ್ನೂ ಕಮ್ಮಿ. ಅದಕ್ಕೂ ದುಡ್ಡಿಲ್ಲದವರಿಗೆ ಕಳ್ಳಭಟ್ಟಿ. 2008ರ ಮೇನಲ್ಲಿ ಬೆಂಗಳೂರು, ಕೋಲಾರ, ಕೃಷ್ಣಗಿರಿ ಕಡೆ ಕಳ್ಳಭಟ್ಟಿಗೆ ನೂರೈವತ್ತರ ಹತ್ತಿರ ಜನ ಸತ್ತರು. ಈಗ ಅಬಕಾರಿ ಗುರಿ ಎಷ್ಟು ಗೊತ್ತಾ? 2025-26ರ ಬಜೆಟ್ಟಿನಲ್ಲಿ 40,000 ಕೋಟಿ ರೂಪಾಯಿ. ಇಷ್ಟು ವಸೂಲಿ ಮಾಡಬೇಕಾದವರೇ ಕುಡಿತ ಬಿಡಿಸಬೇಕು ಅಂದರೆ ಹೇಗೆ ಸ್ವಾಮಿ?

ಹಾಗಾದರೆ ಯಾರು ತಡೆದರು? ನನಗೆ ಕಂಡ ಮಟ್ಟಿಗೆ, ಕುಡಿತದಿಂದ ಕಳೆದುಕೊಂಡವರೇ.

1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಅನ್ನುವ ಹಳ್ಳಿಯ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದರು. ಅಕ್ಷರ ಕಲಿಯುವ ತರಗತಿಯಲ್ಲಿ ಕೂತು ಮಾತಾಡಿಕೊಂಡು ಎದ್ದವರು ಅವರು. ಮರುವರ್ಷ ಅಲ್ಲಿ ಸಾರಾಯಿಯೇ ನಿಂತಿತು. 2019ರ ಜನವರಿಯಲ್ಲಿ ನಮ್ಮ ರಾಜ್ಯದ ಸಾವಿರಾರು ಹೆಂಗಸರು ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಹೋದರು. ನಿಷೇಧ ಸಿಗಲಿಲ್ಲ.

ನಮ್ಮ ಘಟ್ಟದ ಕೆಳಗೆ ಇನ್ನೊಂದು ದಾರಿ ಹುಟ್ಟಿತ್ತು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಶುರುವಾದದ್ದು. ಸಾಲ ಕೊಟ್ಟು, ಗದ್ದೆ ಮಾಡಿಸಿದರೂ ದುಡ್ಡು ಅಂಗಡಿಗೇ ಹೋಗುತ್ತಿದ್ದರೆ ಏನು ಪ್ರಯೋಜನ? 1990ರ ದಶಕದಲ್ಲಿ ಜನಜಾಗೃತಿ ವೇದಿಕೆ, ಮದ್ಯವರ್ಜನ ಶಿಬಿರಗಳು ಬಂದವು. ಈಗ ಶಿಬಿರಗಳ ಸಂಖ್ಯೆ ಸಾವಿರ ದಾಟಿ ಎಷ್ಟೋ ಆಗಿದೆ, ಮಲೆನಾಡಿನ ತಾಲ್ಲೂಕುಗಳಿಗೂ ಬಂದಿವೆ. ಊರಿನದ್ದೇ ಒಂದು ಸಮಿತಿ, ಒಂದು ಸಭಾಭವನ, ಎಂಟು ದಿನ. ಅಕ್ಕಿ, ತೆಂಗಿನಕಾಯಿ, ತರಕಾರಿ ಊರವರದ್ದು. ಯೋಗ, ಭಜನೆ, ಆಪ್ತಸಲಹೆ, ಕೊನೆಗೆ ಮನೆಯವರನ್ನು ಕರೆಸಿ ಮಾತು. ತಮಿಳುನಾಡಿನ ಮಂಜಕ್ಕುಡಿ ಎಂಬ ಹಳ್ಳಿಯಲ್ಲೂ ಟಿ.ಟಿ. ರಂಗನಾಥನ್ ಪ್ರತಿಷ್ಠಾನ 1989ರಿಂದ ಇಂಥದ್ದೇ ಶಿಬಿರ ನಡೆಸಿದೆ.

ನನ್ನ ಪ್ರಕಾರ ಇದರ ಜೀವಾಳ ಎಂಟು ದಿನದಲ್ಲಿ ಇಲ್ಲ, ಒಂಬತ್ತನೇ ದಿನದಲ್ಲಿದೆ. ಶಿಬಿರ ಮುಗಿಸಿದವರೇ ಸೇರಿ 'ನವಜೀವನ ಸಮಿತಿ' ಮಾಡಿಕೊಳ್ಳುತ್ತಾರೆ, ಆಗಾಗ ಕೂಡುತ್ತಾರೆ. ಬಿಟ್ಟವನನ್ನು ಬಿಟ್ಟವನೇ ಕಾಯುವುದು. 1935ರಲ್ಲಿ ಅಮೆರಿಕದ ಅಕ್ರಾನ್ ಊರಿನಲ್ಲಿ ಒಬ್ಬ ಷೇರು ವ್ಯವಹಾರದವನೂ ಒಬ್ಬ ಡಾಕ್ಟರೂ ಸೇರಿ ಆಲ್ಕೊಹಾಲಿಕ್ಸ್ ಅನಾನಿಮಸ್ ಕಟ್ಟಿದ್ದೂ ಇದೇ ಉಪಾಯದ ಮೇಲೆ. ಶಿಬಿರಕ್ಕೆ ಹೋಗಿ ಬಂದು ಮತ್ತೆ ಜಾರಿದವರೂ ಇದ್ದಾರೆ. ಅವರನ್ನು ನೋಡಿ ಊರು ನಗುತ್ತದಲ್ಲ, ಅಲ್ಲಿ ಅರ್ಧ ಸೋಲು ನಮ್ಮದೇ.

ಇನ್ನು ನಮ್ಮ ಬುಡಕ್ಕೇ ಬರುವ ಮಾತು. ಈ ಮೂರು ತಾಲ್ಲೂಕಿನ ಎಷ್ಟೋ ಮನೆಗಳ ಹಾಗೆ ನಮ್ಮ ಮನೆಯ ಅನ್ನವೂ ಅಡಿಕೆಯದ್ದೇ. ಆ ಅಡಿಕೆಯ ದೊಡ್ಡ ಪಾಲು ಹೋಗುವುದು ಉತ್ತರದ ಪಾನ್ ಮಸಾಲೆಗೆ. ಅಡಿಕೆ ಜಗಿಯುವುದು ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲಿ ವರದಿ ಪ್ರಕಟಿಸಿದಾಗ ನಮ್ಮವರಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿತು. ಆಗ ಪಾನ್ ಮಸಾಲೆ ಬೇರೆ ಪೊಟ್ಟಣ, ತಂಬಾಕು ಬೇರೆ ಪೊಟ್ಟಣ ಆಗಿ ಒಟ್ಟಿಗೇ ಮಾರಾಟಕ್ಕೆ ಬಂತು. ಸಾರಾಯಿ ಹೋಗಿ ಟೆಟ್ರಾ ಪ್ಯಾಕ್ ಬಂದ ಕಥೆಯೇ! ಸರ್ಕಾರದ 40,000 ಕೋಟಿಗೆ ಬೈಯುವ ನಾವು ಅಡಿಕೆ ರೇಟು ಏರಿದ ದಿನ ಯಾರ ಬಾಯಿ ಅಂತ ಕೇಳುವುದಿಲ್ಲ.

ಇಲ್ಲಿ ನಾರಾಯಣ ಗುರುಗಳು ನೆನಪಾಗುತ್ತಾರೆ. ಕಳ್ಳು ಇಳಿಸುವುದೇ ಕಸುಬಾಗಿದ್ದ ಸಮುದಾಯದ ಎದುರು ನಿಂತು, ಮದ್ಯ ವಿಷ, ಅದನ್ನು ತಯಾರಿಸಲೂ ಬೇಡಿ ಅಂತ ಹೇಳಿದವರು ಅವರು. ಬದಲಿಗೆ ಶಾಲೆ, ಕೈಗಾರಿಕೆ, ಸಂಘ ಅಂತ ದಾರಿಯನ್ನೂ ತೋರಿಸಿದರು. ಅಡಿಕೆ ಮರ ಕಡಿಯಿರಿ ಅಂತ ನಾನು ಹೇಳುತ್ತಿಲ್ಲ, ನನ್ನಿಂದಲೂ ಆಗದು. ಕನಿಷ್ಠ ನಮ್ಮ ಮಕ್ಕಳ ಬಾಯಿಗೆ ಆ ಪೊಟ್ಟಣ ಬೀಳದ ಹಾಗೆ, ಮದುವೆ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಹುಡುಗರಿಗೆ ಮೊದಲ ಗ್ಲಾಸು ಸಿಗದ ಹಾಗೆ ನೋಡಿಕೊಳ್ಳಬಹುದಲ್ಲ. ಈಗ ಗಾಂಜಾ ಸೊಪ್ಪಿನ ಸುದ್ದಿಯೂ ಕಾಲೇಜಿನ ತನಕ ಬಂದಿದೆ. ಪೊಲೀಸರಿಗಿಂತ ಮೊದಲು ಗೊತ್ತಾಗುವುದು ಮನೆಯವರಿಗೆ, ಅಕ್ಕಪಕ್ಕದವರಿಗೆ.

ಒಂದು ಎಚ್ಚರಿಕೆ: ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್, ಭ್ರಮೆ ಬರಬಹುದು, ಪ್ರಾಣಕ್ಕೂ ಅಪಾಯ. ಡಾಕ್ಟರನ್ನು ಕೇಳಿಯೇ ಬಿಡಿಸಿ. ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ನಿಮ್ಮ ಊರಲ್ಲಿ ಬಿಟ್ಟವರು ಯಾರಾದರೂ ಇದ್ದರೆ ಈ ಮಳೆಗಾಲ ಒಂದು ಸಂಜೆ ಅವರನ್ನು ಮನೆಗೆ ಕರೆಯಿರಿ. ಬಿಸಿ ಕಾಫಿ, ಹಲಸಿನ ಹಪ್ಪಳ ಸಾಕು.